ಕಾದಾಗ ಏಳಲ್ಲ, ಆರಿದ್ರ ಏಳ್ತದ: ಕಾಮನ್ ರೇಲ್ ಗಾಡ್ಯಾಗ ಪ್ರೆಶರ್ ಹಿಡಿಯೋರು ಯಾರು?

ಗಂಜ್ ಗಾಡಿಯವ (ಕಲಬುರಗಿ)

ಶರಣ್ರಿ ಎಲ್ಲರಿಗೂ. ನಂದು ನಾಲ್ಕು ಸಿಲಿಂಡರಿನ ಪಿಕಪ್, 2018ರ ಮಾಡೆಲ್, ಬಿಎಸ್ 4. ಓಡಿದ್ದು 1 ಲಕ್ಷ 40 ಸಾವಿರ ಕಿಲೋಮೀಟರ್. ಸೇಡಂ ಕಡಿಂದ ತೊಗರಿ ಹೇರ್ಕೊಂಡು ನೆಹರು ಗಂಜಿಗಿ ಬರೋದು ನಮ್ಮ ದಂಧಾ.

ಮುಂಜಾನಿ ಒಂದೇ ಸೆಲ್ಫಿಗಿ ಶುರು ಆಗ್ತದ. ಮಧ್ಯಾಹ್ನ ಮಳಖೇಡದಾಗ ಚಾ ಕುಡೀಲಿಕ್ಕಿ ಹತ್ತು ನಿಮಿಷ ಬಂದ್ ಮಾಡಿದ್ನೆಂದ್ರ ಮುಗೀತು. ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿ ಇಳೀತದ, ಗಾಡಿ ಏಳಲ್ಲ. ಯಾರೋ ಡ್ರೈವರ್ ಹೇಳಿದ್ರು ಅಂತ ಹಳೇ ಟಾವೆಲ್ ನೀರಾಗ ಅದ್ದಿ ಪಂಪಿನ ಮ್ಯಾಲ ಹಾಕ್ತೀನಿ. ಜರಾ ಹೊತ್ತಿಗಿ ಶುರು ಆಗ್ತದ. ಈಗ ಆ ಟಾವೆಲ್ ಗಾಡ್ಯಾಗ ಖಾಯಂ, ಸ್ಟೆಪ್ನಿ ಇದ್ದಂಗ.

ಇನ್ನೊಂದು ತ್ರಾಸ ಅದ. ಲೋಡ್ ಇದ್ದಾಗ ಏರಿನ್ಯಾಗ ಟಾಪ್ ಗೇರಿನ್ಯಾಗೇ ಎಳದ್ರ ಇಂಜಿನ್ ಲೈಟ್ ಬಂದು ಗಾಡಿ ಜೀವ ಬಿಡ್ತದ. ಒಂದು ಗೇರ್ ಇಳಿಸಿ ಹೊಡೆದ್ರ ಲೈಟ್ ಬರಲ್ಲ.

ಗ್ಯಾರೇಜಿನವರು ಮೊದಲು ಡೀಸೆಲ್ ಪ್ರೆಶರ್ ಅಳತಿ ಮಾಡೋ ರೇಲಿನ ಸೆನ್ಸರ್ ಬದಲಿ ಮಾಡಿದ್ರು, 6,500 ಹೋಯ್ತು. ಏನೂ ಫರಕ್ ಬೀಳ್ಲಿಲ್ಲ. ಈಗ ಹೈ ಪ್ರೆಶರ್ ಪಂಪೇ ಹೋಗ್ಯಾದ ಅಂತ 65 ಸಾವಿರ ಹೇಳ್ಲತ್ತಾರ. "ಪಂಪಿನ ಮ್ಯಾಲ ಟಾವೆಲ್ ಹಾಕಿದ್ರ ಶುರು ಆಗ್ತದಂದ್ರ ಪಂಪೇ ಅಲ್ಲೇನ್ ಮಾಲಕ್ರ" ಅಂತಾರ. ಮಾತು ಬರಾಬರ್ ಅನಸ್ತದ. ಆದ್ರ ಇಷ್ಟು ರೊಕ್ಕ ಇಡೂಕಿಂತ ಮೊದಲು, ಈ ಪ್ರೆಶರ್ ಯಾರು ಹುಟ್ಟಸ್ತಾರ, ಯಾರು ಹಿಡೀತಾರ ಅಂತ ತಿಳ್ಕೋಬೇಕು ಅನಸ್ಯಾದ. ಗೊತ್ತಿದ್ದೋರು ಹೇಳ್ರಿ.

ಹೈವೇ 65 (ಹುಮನಾಬಾದ್)

ಡೀಸೆಲ್ ಫಿಲ್ಟರ್ ಹಾಕ್ರಿ ಮೊದಲ. ಹತ್ತರಾಗ ಎಂಟು ಗಾಡಿ ಅಷ್ಟಕ್ಕೇ ಸುಧಾರಸ್ತಾವ.

ಗಂಜ್ ಗಾಡಿಯವ (ಕಲಬುರಗಿ)

ಹಾಕಿ ಮೂರು ವಾರ ಆಯ್ತಣ್ಣ. ಕಂಪನಿ ಫಿಲ್ಟರೇ.

ಡೀಸೆಲ್ ಕಾಕಾ (ಬೀದರ್)

26 ವರ್ಷ ಪಂಪ್ ಬಿಚ್ಚಿ ಕಟ್ಟಿದ ಕೈ ನಂದು. ಹಳೇ ಇನ್‌ಲೈನ್ ಪಂಪಿನಿಂದ ಶುರು ಮಾಡಿದವ. ಅದ್ರ ಹಿಸಾಬ್ ಸೀದಾ ಇತ್ತು. ಪ್ಲಂಜರ್ ಒಮ್ಮೆ ಒತ್ತಿದ್ರ ಆ ಒಂದು ನಾಝಲಿಗಿ ಒಂದು ಪಿಚಕಾರಿ, ಅಷ್ಟೇ. ಒತ್ತಡ ಹುಟ್ಟೋದೂ ಸಾಯೋದೂ ಅದೇ ಗಳಿಗ್ಯಾಗ. ಇಂಜಿನ್ ನಿಧಾನ ತಿರುಗಿದ್ರ ಒತ್ತಡ ಕಮ್ಮಿ, ಜೋರು ತಿರುಗಿದ್ರ ಹೆಚ್ಚು.

ಕಾಮನ್ ರೇಲಿನ್ಯಾಗ ಈ ಎರಡು ಕೆಲಸ ಬ್ಯಾರೆ ಬ್ಯಾರೆ. ಪಂಪ್ ಡೀಸೆಲ್ ಒತ್ತಿ ಒಂದು ದಪ್ಪ ಕೊಳವ್ಯಾಗ ತುಂಬ್ತದ, ಅದೇ ರೇಲ್. ಅಲ್ಲಿಂದ ಸಿಲಿಂಡರಿನ್ಯಾಗ ಡೀಸೆಲ್ ಸಿಂಪಡಿಸೋ ಇಂಜೆಕ್ಟರ್ ತನಗ ಬೇಕಾದಾಗ ಬೇಕಾದಷ್ಟು ತಗೋತದ. ಐಡಲಿನ್ಯಾಗ, ಅಂದ್ರ ಆಕ್ಸಿಲರೇಟರ್ ಒತ್ತದಂಗ ನಿಂತಲ್ಲೇ ಓಡುವಾಗ, 250–350 ಬಾರ್, ಫುಲ್ ಲೋಡಿಗಿ 1600, 1800, ಹೊಸ ಗಾಡ್ಯಾಗ 2000ದ ಮ್ಯಾಲೂ ಹೋಗ್ತದ. ಟಯರಿನ ಗಾಳಿ ಎರಡೂವರಿ ಬಾರ್ ಇರ್ತದ ನೋಡ್ರಿ, ಲೆಕ್ಕ ಹಾಕ್ಕೋರಿ.

ನನಗ ಮೂರು ವಿಷಯ ಬೇಕು. ಸ್ಕ್ಯಾನರಿನ್ಯಾಗ ಯಾವ ಕೋಡ್ ಬಂದದ? ಸೆಲ್ಫ್ ಹೊಡಿಯುವಾಗ ರೇಲ್ ಪ್ರೆಶರ್ ಎಷ್ಟು ತೋರಸ್ತದ, ತಣ್ಣಗಿದ್ದಾಗ ಎಷ್ಟು, ಕಾದಾಗ ಎಷ್ಟು? ಮೂರನೇದು ಟಾವೆಲಿಂದು. ನೀರು ತಂದು, ಅದ್ದಿ, ಹಾಕಿ, ಶುರು ಆಗೋತನಕ ಒಟ್ಟು ಎಷ್ಟು ಹೊತ್ತು ಹಿಡೀತದ?

ಗಂಜ್ ಗಾಡಿಯವ (ಕಲಬುರಗಿ)

ಕೋಡ್ ಪಿ 0087, ರೇಲಿನ್ಯಾಗ ಪ್ರೆಶರ್ ಕಮ್ಮಿ ಅಂತ. ಸೆಲ್ಫ್ ಹೊಡಿಯುವಾಗ ಮುಂಜಾನಿ 260 ಬಾರ್ ತೋರಿಸಿತ್ತು. ಕಾದಾಗ 95ರಿಂದ 110ರ ನಡುವ ಆಡ್ತದ, ಮ್ಯಾಲ ಏರಲ್ಲ. ಶುರು ಆದ ಮ್ಯಾಲ ಐಡಲಿನ್ಯಾಗ ಬೇಕಾದದ್ದು 300, ಇರೋದು 298. "ಎರಡೂ ಒಂದೇ ಅವ, ಕಂಟ್ರೋಲ್ ಛಲೋ ಅದ" ಅಂದ ಗ್ಯಾರೇಜಿನ ಹುಡುಗ.

ಟಾವೆಲಿಂದು ಹೊತ್ತು ನೋಡಿಲ್ಲ ಕಾಕಾ. ಹೋಟೆಲಿನಿಂದ ನೀರು ತರೋದು, ಬಾನೆಟ್ ಎತ್ತೋದು... ಇಪ್ಪತ್ತು ನಿಮಿಷ ಹಿಡೀಬಹುದು.

ಸೇಡಂ ಕಂಟ್ರೋಲ್ ರೂಮ್ (ಸೇಡಂ)

ನಾನು ಇನ್‌ಸ್ಟ್ರುಮೆಂಟೇಶನ್ ಎಂಜಿನಿಯರ್, ಸಿಮೆಂಟ್ ಕಾರ್ಖಾನೆಯಲ್ಲಿ. ಗಾಡಿ ಬಿಚ್ಚಿ ಗೊತ್ತಿಲ್ಲ, ಆದರೆ ಅಳೆದು ಅಳೆದು ತಾನೇ ತಿದ್ದಿಕೊಳ್ಳೋ ಕಂಟ್ರೋಲ್ ಲೂಪ್ ದಿನಾ ನೋಡೋದೇ ನಮ್ಮ ಕೆಲಸ. ಆ ಹುಡುಗ ಹೇಳಿದ ಮಾತಿಗೆ ಒಂದು ತಕರಾರು ಇದೆ.

"ಬೇಕಾದದ್ದು 300, ಇರೋದು 298" ಅಂದರೆ ಕಂಟ್ರೋಲರ್ ತನ್ನ ಕೆಲಸ ಮಾಡುತ್ತಿದೆ ಅಂತ ಮಾತ್ರ ಅರ್ಥ. ಅಷ್ಟು ಮಾಡಲಿಕ್ಕೆ ಅದು ಎಷ್ಟು ಬೆವರು ಸುರಿಸುತ್ತಿದೆ ಅಂತ ಆ ಎರಡು ಅಂಕಿ ಹೇಳೋದಿಲ್ಲ. ನಮ್ಮಲ್ಲೂ ಹೊಸಬರು ಸೆಟ್ ಪಾಯಿಂಟ್ ಮತ್ತು ರೀಡಿಂಗ್ ಮಾತ್ರ ನೋಡ್ತಾರೆ. ನೋಡಬೇಕಾದದ್ದು ಮೂರನೇ ಅಂಕಿ: ವಾಲ್ವ್ ಎಷ್ಟು ತೆರೆದಿದೆ?

ಇಸಿಯು, ಅಂದರೆ ಇಂಜಿನ್ ನೋಡಿಕೊಳ್ಳೋ ಕಂಪ್ಯೂಟರ್, ಮಾಡೋದು ಹೀಗೆ. ಇಂಜಿನ್ ಎಷ್ಟು ತಿರುಗುತ್ತಿದೆ, ಆಕ್ಸಿಲರೇಟರ್ ಎಷ್ಟು ಒತ್ತಿದೆ ಅನ್ನೋದರ ಮೇಲೆ ಒಂದು ಕೋಷ್ಟಕದಿಂದ ಬೇಕಾದ ಪ್ರೆಶರ್ ಆರಿಸುತ್ತದೆ. ಕೂಲಂಟ್ ಎಷ್ಟು ಬಿಸಿ, ಒಳಗೆ ಬರೋ ಗಾಳಿ ಎಷ್ಟು ಬಿಸಿ ಅಂತ ನೋಡಿ ಸ್ವಲ್ಪ ತಿದ್ದುತ್ತದೆ. ರೇಲಿನ ಸೆನ್ಸರ್ ಹೇಳಿದ ಪ್ರೆಶರನ್ನ ಅದರ ಜೊತೆ ಹೋಲಿಸುತ್ತದೆ. ವ್ಯತ್ಯಾಸ ಇದ್ದಷ್ಟು ವಾಲ್ವಿಗೆ ಕೊಡೋ ಕರೆಂಟು ಬದಲಿಸುತ್ತದೆ. ಕರೆಂಟು ಒಂದೇ ಸಮ ಹೋಗೋದಿಲ್ಲ, ಚಾಲೂ-ಬಂದ್ ಚಾಲೂ-ಬಂದ್ ಅಂತ ಬಡಿತದಲ್ಲಿ ಹೋಗುತ್ತದೆ. ಚಾಲೂ ಇರೋ ಪಾಲು ಎಷ್ಟು ಅನ್ನೋದೇ ಡ್ಯೂಟಿ, ಸ್ಕ್ಯಾನರಿನಲ್ಲಿ ಶೇಕಡಾ ಲೆಕ್ಕದಲ್ಲಿ ಕಾಣುತ್ತದೆ.

ಇದು ಯಾಕೆ ಕಷ್ಟದ ಲೂಪ್ ಅಂತ ಒಂದು ಲೆಕ್ಕ ಹಾಕಿ ನೋಡಿದೆ. ನೀರು, ಡೀಸೆಲ್ ಕುಗ್ಗೋದಿಲ್ಲ ಅಂತ ಶಾಲೆಯಲ್ಲಿ ಓದಿದ್ದೆವು. ಇಷ್ಟು ಒತ್ತಡದಲ್ಲಿ ಕುಗ್ಗುತ್ತದೆ, 1000 ಬಾರ್ ಒತ್ತಡಕ್ಕೆ ನೂರಕ್ಕೆ ಐದಾರು ಪಾಲು. ರೇಲ್ ಮತ್ತು ಪೈಪುಗಳ ಒಳಗಿನ ಜಾಗ ಸುಮಾರು 30 ಮಿಲಿ ಅಂತ ಹಿಡಿಯಿರಿ, ಒಂದು ಚಾ ಲೋಟದ ಅರ್ಧವೂ ಇಲ್ಲ. ಅದರೊಳಗೆ 1 ಮಿಲಿ ಹೆಚ್ಚಿಗೆ ತುರುಕಿದರೆ ಪ್ರೆಶರ್ ಸುಮಾರು 600 ಬಾರ್ ಏರುತ್ತದೆ! ಒಂದು ಇಂಜೆಕ್ಟರ್ ಒಮ್ಮೆ ತೆರೆದು 0.04 ಮಿಲಿ ತೆಗೆದರೆ ಸುಮಾರು 24 ಬಾರ್ ಬೀಳುತ್ತದೆ. 2000 ಆರ್‌ಪಿಎಂನಲ್ಲಿ ನಾಲ್ಕು ಸಿಲಿಂಡರ್ ಸೇರಿ ಇದು ಸೆಕೆಂಡಿಗೆ 66 ಸಲ ನಡೆಯುತ್ತದೆ. ರೇಲನ್ನ ಡೀಸೆಲ್ ಕೂಡಿಡೋ ಡಬ್ಬಿ ಅಂದುಕೊಳ್ಳೋದಕ್ಕಿಂತ ಬಿಗಿಯಾದ ಸ್ಪ್ರಿಂಗ್ ಅಂದುಕೊಂಡರೆ ತಲೆಗೆ ಬೇಗ ಹೋಗುತ್ತದೆ.

ಹಾಗಾಗಿ ಒಳಗೆ ಬರೋದು ಮತ್ತು ಹೊರಗೆ ಹೋಗೋದು ಇವೆರಡರ ಅಂತರವೇ ಪ್ರೆಶರ್. ಅಣ್ಣಾ, ನಿಮ್ಮ ಗ್ಯಾರೇಜಿನವರು ಒಳಗೆ ಬರೋದನ್ನ ಮಾತ್ರ ನೋಡಿದ್ದಾರೆ. ಹೊರಗೆ ಎಲ್ಲೆಲ್ಲಿ ಹೋಗುತ್ತಿದೆ ಅಂತ ಯಾರಾದರೂ ನೋಡಿದರಾ?

ಡೀಸೆಲ್ ಕಾಕಾ (ಬೀದರ್)

ತಂಗಿ ಖರೇ ಜಾಗಾದಾಗ ಬೊಟ್ಟು ಇಟ್ಟಾಳ.

ಪಾಲಿಟೆಕ್ನಿಕ್ ಮಾಸ್ತರ (ಕಲಬುರಗಿ)

ವಾಲ್ವ್ ಅಂದಾಗ ಯಾವ ವಾಲ್ವ್ ಅನ್ನೋದು ಮುಖ್ಯ, ಎಲ್ಲ ಗಾಡಿಯಲ್ಲೂ ಒಂದೇ ಇರೋದಿಲ್ಲ. ಹುಡುಗರಿಗೆ ಪಾಠ ಮಾಡುವಾಗ ನಾನು ಮೂರು ಕಾಲ ಅಂತ ಹೇಳ್ತೀನಿ.

ಕಾರಿನಲ್ಲಿ ಈ ವ್ಯವಸ್ಥೆ ಮೊದಲು ಬಂದದ್ದು 1997ರಲ್ಲಿ, ಆಲ್ಫಾ ರೋಮಿಯೋ 156ರಲ್ಲಿ. ಆಗ ಗರಿಷ್ಠ 1350 ಬಾರ್. ಆ ಕಾಲದ ಪಂಪು ಯಾವಾಗಲೂ ಪೂರಾ ಡೀಸೆಲ್ ಒತ್ತುತ್ತಿತ್ತು. ಬೇಡಾದಷ್ಟನ್ನು ಹೈ ಪ್ರೆಶರ್ ಕಡೆಯ ಒಂದು ವಾಲ್ವ್ ವಾಪಸ್ ಟ್ಯಾಂಕಿಗೆ ಬಿಡುತ್ತಿತ್ತು. ಪ್ರೆಶರ್ ಏರಿಸೋದೂ ಇಳಿಸೋದೂ ಬಲು ಚುರುಕು, ಆದರೆ ಕಷ್ಟಪಟ್ಟು ಒತ್ತಿದ್ದನ್ನ ಸುಮ್ಮನೆ ಚೆಲ್ಲಿದಂತೆ. ಮೇಲಾಗಿ ಅಷ್ಟು ಒತ್ತಡದಿಂದ ಒಮ್ಮೆಲೇ ಬಿಟ್ಟ ಡೀಸೆಲ್ ಬಿಸಿ ಆಗ್ತದೆ, ಪ್ರತಿ 100 ಬಾರ್ ಒತ್ತಡಕ್ಕೆ ಅಂದಾಜು 4–5 ಡಿಗ್ರಿ. 1000 ಬಾರಿನಿಂದ ಬಿಟ್ಟರೆ 40 ಡಿಗ್ರಿಗೂ ಹೆಚ್ಚು ಏರಿಕೆ. ನಮ್ಮ ಕಲಬುರಗಿಯ ಮೇ ತಿಂಗಳಲ್ಲಿ ಟ್ಯಾಂಕಿನ ಡೀಸೆಲ್ ಮೊದಲೇ ಬೆಚ್ಚಗಿರ್ತದೆ.

ಎರಡನೇ ಕಾಲದಲ್ಲಿ ಪಂಪಿನ ಬಾಯಿಗೇ ಒಂದು ಮೀಟರಿಂಗ್ ವಾಲ್ವ್ ಬಂತು. ಪಂಪ್ ಮಾಡೋ ಕಂಪನಿಗಳು ಅದಕ್ಕೆ ಬೇರೆ ಬೇರೆ ಹೆಸರು ಇಟ್ಟಿವೆ. ಬಾಶ್‌ನವರದು ಮೀಟರಿಂಗ್ ಯುನಿಟ್, ಡೆನ್ಸೊ ಎಸ್‌ಸಿವಿ ಅಂತದೆ, ಡೆಲ್ಫಿ ಐಎಂವಿ ಅಂತದೆ. ಬೇಕಾದಷ್ಟೇ ಡೀಸೆಲ್ ಪಂಪಿನ ಒಳಗೆ ಬಿಡೋದು, ಬಿಟ್ಟಷ್ಟನ್ನೇ ಒತ್ತೋದು. ಮೂರನೇ ಕಾಲದಲ್ಲಿ ಎರಡೂ ಸೇರಿಸಿದರು: ಚಳಿಯಲ್ಲಿ ಶುರು ಮಾಡಿದಾಗ ಚೆಲ್ಲೋ ವಾಲ್ವ್ ಕೆಲಸ ಮಾಡಿ ಡೀಸೆಲನ್ನ ಬೇಗ ಬೆಚ್ಚಗೆ ಮಾಡ್ತದೆ, ಮುಂದೆ ಮೀಟರಿಂಗ್ ವಾಲ್ವ್ ಹೊಣೆ ಹೊರ್ತದೆ. ನಿಮ್ಮ 2018ರ ಗಾಡಿಯಲ್ಲಿ ರೇಲಿನ ತುದಿಗೆ ಚೆಲ್ಲೋ ವಾಲ್ವ್ ಇರಬೇಕು, ನೋಡಿ.

ಎಡದಂಡೆ ರೈತ (ಶಹಾಪುರ)

ಮಾಸ್ತರ, ಇದು ನಮ್ಮ ಕಾಲುವಿ ಕಥಿ ಆತಲ್ರಿ. ನಾರಾಯಣಪುರ ಡ್ಯಾಮಿನ ಗೇಟ್ ಪೂರಾ ತೆಗೆದು, ಹೆಚ್ಚಾದ ನೀರು ಹಳ್ಳಕ್ಕ ಬಿಟ್ರ ಅದು ಮೊದಲನೇ ಕಾಲ. ಬೇಕಾದಷ್ಟೇ ಗೇಟ್ ಎತ್ತಿದ್ರ ಎರಡನೇದು. ಆದ್ರ ಒಂದು ಸಂಶಯ. ಗೇಟ್ ಇಳಿಸಿದ ಮ್ಯಾಲೂ ಕಾಲುವ್ಯಾಗಿದ್ದ ನೀರು ಹರಕೋಂತ ಇರ್ತದ, ಲಗೂ ಇಳಿಯಂಗಿಲ್ಲ. ಗಾಡ್ಯಾಗ ಆಕ್ಸಿಲರೇಟರ್ ತಟ್ಟನ ಬಿಟ್ರ ರೇಲಿನ ಪ್ರೆಶರ್ ಎಲ್ಲಿ ಹೋಗಬೇಕು?

ಪಾಲಿಟೆಕ್ನಿಕ್ ಮಾಸ್ತರ (ಕಲಬುರಗಿ)

ಕ್ಲಾಸಿನಲ್ಲಿ ಹತ್ತು ವರ್ಷದಿಂದ ಹೇಳ್ತಿದ್ದೀನಿ, ಈ ಪ್ರಶ್ನೆ ಒಬ್ಬನೂ ಕೇಳಿಲ್ಲ. ಮೀಟರಿಂಗ್ ವಾಲ್ವ್ ಒಂದೇ ಇರೋ ಗಾಡಿಯ ದೌರ್ಬಲ್ಯವೇ ಅದು. ಪ್ರೆಶರ್ ಇಳಿಯಬೇಕಾದರೆ ಇಂಜೆಕ್ಟರಿನಿಂದ ಟ್ಯಾಂಕಿಗೆ ವಾಪಸ್ ಹೋಗೋ ರಿಟರ್ನ್ ದಾರಿಯಿಂದಲೇ ಇಳಿಯಬೇಕು. ಚೆಲ್ಲೋ ವಾಲ್ವ್ ಇದ್ದರೆ ತಕ್ಷಣ ಬಿಟ್ಟುಬಿಡ್ತದೆ.

ಗಂಜ್ ಗಾಡಿಯವ (ಕಲಬುರಗಿ)

ಮಾಸ್ತರ್, ಬಾನೆಟ್ ಎತ್ತಿ ನೋಡ್ದೆ. ರೇಲಿನ ಒಂದು ತುದಿಗಿ ವೈರ್ ಇರೋ ಸೆನ್ಸರ್ ಅದ. ಇನ್ನೊಂದು ತುದಿಗಿ ನಟ್ಟಿನಂಗ ಒಂದು ಅದ, ವೈರ್ ಇಲ್ಲ, ಅದಕ್ಕ ಸಣ್ಣ ರಿಟರ್ನ್ ಪೈಪ್ ಅದ.

ಡೀಸೆಲ್ ಕಾಕಾ (ಬೀದರ್)

ವೈರ್ ಇಲ್ಲಂದ್ರ ಅದು ಚೆಲ್ಲೋ ವಾಲ್ವ್ ಅಲ್ಲ ಮಾಸ್ತರ, ಸೇಫ್ಟಿ ಲಿಮಿಟರ್. ಒಳಗ ಬರೀ ಸ್ಪ್ರಿಂಗು. ಪ್ರೆಶರ್ ಹದ್ದು ಮೀರಿದ್ರ ಅಷ್ಟೇ ತೆರೀತದ. ಅಂದ್ರ ಇವರ ಗಾಡ್ಯಾಗ ಹತೋಟಿ ಮಾಡೋನು ಒಬ್ಬನೇ, ಪಂಪಿನ ಬಾಯಾಗಿರೋ ಮೀಟರಿಂಗ್ ವಾಲ್ವ್.

ಪಾಲಿಟೆಕ್ನಿಕ್ ಮಾಸ್ತರ (ಕಲಬುರಗಿ)

ಒಪ್ಪಿದೆ ಕಾಕಾ. ನೋಡದೆ ಹೇಳಿದ್ದು ನನ್ನ ತಪ್ಪು.

ಹೈವೇ 65 (ಹುಮನಾಬಾದ್)

ಹಂಗಾದ್ರ ಆ ಲಿಮಿಟರೇ ಸೋರ್ಲತ್ತದ. ನಮ್ಮ ಲಾರ್ಯಾಗ ಹಂಗೇ ಆಗಿತ್ತು, ಏರಿನ್ಯಾಗ ಎಳೀತಿರ್ಲಿಲ್ಲ. ನಮ್ಮ ಫಿಟ್ಟರ್ ಅದ್ರ ಬಾಯಿ ಬಂದ್ ಮಾಡಿ ಕೊಟ್ಟ. ಗಾಡಿ ಹುಲಿ ಆಯ್ತು.

ಡೀಸೆಲ್ ಕಾಕಾ (ಬೀದರ್)

ಅಣ್ಣಾ, ಕುಕ್ಕರಿನ ಸೇಫ್ಟಿ ವಾಲ್ವಿಗಿ ಮೊಳಿ ಹೊಡೆದು ಅಡಗಿ ಮಾಡ್ದಂಗ ಅದು. ಅವತ್ತಿಗಿ ಹುಲಿ. ಮೀಟರಿಂಗ್ ವಾಲ್ವಿಗಿ ಹೋಗೋ ವೈರ್ ಯಾವಾಗರೆ ಒಂದಿನ ಕಡೀತೋ, ಬಹಳಷ್ಟು ಗಾಡ್ಯಾಗ ಕರೆಂಟ್ ಇಲ್ಲಂದ್ರ ಆ ವಾಲ್ವ್ ಪೂರಾ ತೆರೆದೇ ಇರ್ತದ. ಪಂಪ್ ಇದ್ದಬದ್ದದ್ದೆಲ್ಲಾ ಒತ್ತತದ. ಆವಾಗ ಕಾಯೋನು ಆ ಸ್ಪ್ರಿಂಗ್ ಒಬ್ಬನೇ. ಇವತ್ತೇ ಹೊಸದು ಹಾಕಸ್ರಿ.

ನಿಮ್ಮ ಸಂಶಯ ಮಾತ್ರ ತಪ್ಪಲ್ಲ. ಲಿಮಿಟರ್ ಸೋರಿದ್ರೂ ಇದೇ ಲಕ್ಷಣ. ಗಂಜಿನವರ, ಗಾಡಿ ಬಂದ್ ಇದ್ದಾಗ ರೇಲಿನ ತುದಿಯ ಆ ಸಣ್ಣ ರಿಟರ್ನ್ ಪೈಪ್ ಬಿಚ್ಚಿ ಬಾಟಲಿಗಿ ಇಡ್ರಿ, ಇನ್ನೊಬ್ಬರಿಗಿ ಸೆಲ್ಫ್ ಹೊಡಿಲಿಕ್ಕಿ ಹಚ್ರಿ. ಬಾಟಲಿ ಒಣಗೇ ಇರ್ಬೇಕು. ಇದು ರಿಟರ್ನ್ ಪೈಪ್, ಒತ್ತಡ ಇಲ್ಲದ ಕಡಿದು, ಅದಕ್ಕ ಹೇಳ್ಲತ್ತೀನಿ. ದಪ್ಪ ಉಕ್ಕಿನ ಪೈಪಿಗಿ ಮಾತ್ರ ಕೈ ಹಚ್ಚಬ್ಯಾಡ್ರಿ.

ಎಡದಂಡೆ ರೈತ (ಶಹಾಪುರ)

ಉಕ್ಕಿನ ಪೈಪ್ ಅಂದ್ರಿ, ನೆನಪಾತು. ನಂದು ಹೊಸ ಟ್ರ್ಯಾಕ್ಟರ್, 55 ಎಚ್‌ಪಿ, 2023ರ ಹೊಸ ಹೊಗಿ ನಿಯಮ ಬಂದ ಮ್ಯಾಲಿಂದು, ಇದೂ ಕಾಮನ್ ರೇಲೇ. ಹ್ವಾದ ವಾರ ಡೀಸೆಲ್ ಖಾಲಿ ಆಗಿ ಹೊಲದಾಗ ನಿಂತಿತ್ತು. ನಮ್ಮೂರ ಮಿಸ್ತ್ರಿ ಇಂಜೆಕ್ಟರಿನ ನಟ್ ಸಡಿಲ ಮಾಡಿ ಸೆಲ್ಫ್ ಹೊಡಿ ಅಂದ, ಏರ್ ಹೊಡೆದದ ಅಂತ. ಹಳೇ ಟ್ರ್ಯಾಕ್ಟರಿಗಿ ಮೂವತ್ತು ವರ್ಷ ಹಂಗೇ ಮಾಡೀವಿ. ಅವತ್ತು ನಮ್ಮ ಹುಡುಗ ಬ್ಯಾಡ ಅಂದ, ಕಂಪನಿಯವರಿಗಿ ಫೋನ್ ಹಚ್ಚಿದ. ಮಿಸ್ತ್ರಿ ಇನ್ನೂ ಸಿಟ್ಟಿಲೆ ಮಾತಾಡವಲ್ಲ.

ಡೀಸೆಲ್ ಕಾಕಾ (ಬೀದರ್)

ಆ ಹುಡುಗನಿಗಿ ಒಂದು ಶಬ್ಬಾಶ್ ಹೇಳ್ರಿ.

ಇದು ಎಲ್ಲರೂ ನಿಂತು ಓದಬೇಕು. ಹಳೇ ಪಂಪಿನ್ಯಾಗ ನಟ್ ಸಡಿಲ ಮಾಡಿದ್ರ ಡೀಸೆಲ್ ಬುಳುಬುಳು ಬರ್ತಿತ್ತು, ಕೈ ಒರೆಸ್ಕೊಂಡು ಬಿಗಿ ಮಾಡ್ತಿದ್ವಿ. ಕಾಮನ್ ರೇಲಿನ ಪೈಪ್ ಸಡಿಲ ಆದ್ರ ಕೂದಲಿಗಿಂತ ಸಣ್ಣ ಎಳಿ ಬರ್ತದ, ಕಣ್ಣಿಗಿ ಕಾಣಲ್ಲ. ಅದು ಚರ್ಮ ತೂರಿ ಒಳಗ ಹೋಗ್ತದ. ನನ್ನ ಕೈ ಕೆಳಗಿದ್ದ ಒಬ್ಬ ಹುಡುಗ ಸೋರಿಕಿ ಎಲ್ಲದ ಅಂತ ಬೆರಳಿಲೆ ಮುಟ್ಟಿ ನೋಡಿದ. "ಏನಿಲ್ಲ ಕಾಕಾ, ಸೂಜಿ ಚುಚ್ಚಿದಂಗ ಆಯ್ತು" ಅಂದ. ರಕ್ತನೂ ಬರ್ಲಿಲ್ಲ. ಚಾ ಕುಡಿದ, ಕೆಲಸ ಮಾಡ್ದ. ಸಂಜಿಗಿ ಬೆರಳು ಬದನಿಕಾಯಿ ಆಗಿತ್ತು. ದವಾಖಾನಿಗಿ ಒಯ್ದ್ವಿ, ಅವತ್ತೇ ರಾತ್ರಿ ಕೊಯ್ದು ಒಳಗಿನ ಡೀಸೆಲ್ ತೊಳೆದು ತಗೀಬೇಕಾಯ್ತು. ಬೆರಳು ಉಳೀತು, ಮಡಚಲಿಕ್ಕಿ ಬರಲ್ಲ. ಹಂಗೇನರೆ ಆದ್ರ ನೋವಿಲ್ಲ ಅಂತ ಕೂಡಬ್ಯಾಡ್ರಿ, ಆ ಗಳಿಗಿಗೇ ಆಪರೇಷನ್ ಮಾಡೋ ದವಾಖಾನಿಗಿ ಹೋಗ್ರಿ, "ಹೈ ಪ್ರೆಶರ್ ಡೀಸೆಲ್ ಒಳಗ ಹೋಗ್ಯಾದ" ಅಂತ ಬಾಯಿಬಿಟ್ಟು ಹೇಳ್ರಿ.

ಏರ್ ತಗೀಬೇಕಂದ್ರ ಫಿಲ್ಟರಿನ ಕಡಿ, ಹ್ಯಾಂಡ್ ಪಂಪ್ ಒತ್ತಿ, ಕಡಿಮಿ ಒತ್ತಡದ ಬದಿಗೇ ತಗೀಬೇಕು. ಮುಂದಿಂದು ಅದೇ ನೋಡ್ಕೋತದ. ಹೈ ಪ್ರೆಶರ್ ಪೈಪ್ ಬಿಚ್ಚೋ ಕೆಲಸ ಬಂದ್ರ ಇಂಜಿನ್ ಬಂದ್ ಮಾಡಿ, ಮ್ಯಾನುವಲಿನ್ಯಾಗ ಹೇಳಿದಷ್ಟು ಹೊತ್ತು ಬಿಟ್ಟು, ಸ್ಕ್ಯಾನರಿನ್ಯಾಗ ಪ್ರೆಶರ್ ಸೊನ್ನಿಗಿ ಬಂದದ್ದು ನೋಡಿ ಆಮ್ಯಾಲ.

ಸ್ಕ್ಯಾನರ್ ಹುಡುಗ (ಯಾದಗಿರಿ)

ಗಂಜಿನ ಅಣ್ಣಾರ, ಗಾಡಿ ಎಳಿಯೋದು ಕಮ್ಮಿ ಅಂದ್ರ ಸೆನ್ಸರ್ ವೈರಿಗಿ ಹಾಕೋ ಒಂದು ಬಾಕ್ಸ್ ಸಿಗ್ತದ, ಎರಡು ಸಾವಿರಕ್ಕ. ಹಾಕಿದ ಕೂಡ್ಲೇ ಪ್ರೆಶರ್ ಏರ್ತದ. ನಾ ಮೂರು ಗಾಡಿಗಿ ಹಾಕೀನಿ.

ಸೇಡಂ ಕಂಟ್ರೋಲ್ ರೂಮ್ (ಸೇಡಂ)

ಆ ಬಾಕ್ಸ್ ಮಾಡೋದು ಏನು ಗೊತ್ತಾ ತಮ್ಮಾ? ಸುಳ್ಳು ಹೇಳೋದು. ಸೆನ್ಸರಿಗೆ ಇಸಿಯು 5 ವೋಲ್ಟ್ ಕೊಡುತ್ತದೆ. ಪ್ರೆಶರ್ ಸೊನ್ನೆ ಇದ್ದಾಗ ಸೆನ್ಸರ್ ಸಾಮಾನ್ಯವಾಗಿ 0.5 ವೋಲ್ಟ್, ಪೂರ್ತಿ ಇದ್ದಾಗ 4.5 ವೋಲ್ಟ್ ವಾಪಸ್ ಕೊಡುತ್ತದೆ. 1800 ಬಾರಿನ ಸೆನ್ಸರ್ ಆದರೆ 0.1 ವೋಲ್ಟ್ ಅಂದರೆ 45 ಬಾರ್. ಬಾಕ್ಸ್ ಆ ವೋಲ್ಟನ್ನ ಸ್ವಲ್ಪ ಇಳಿಸಿ ಹೇಳುತ್ತದೆ. ಪ್ರೆಶರ್ ಕಡಿಮೆ ಆಯ್ತು ಅಂತ ಇಸಿಯು ಗಾಬರಿಯಾಗಿ ಇನ್ನಷ್ಟು ಡೀಸೆಲ್ ಒಳಗೆ ಬಿಡುತ್ತದೆ. ಸ್ಕ್ಯಾನರಿನಲ್ಲಿ 1600, ಒಳಗೆ ನಿಜವಾಗಿ 1700ಕ್ಕೂ ಹೆಚ್ಚು. ನಿನ್ನ ಸ್ಕ್ಯಾನರಿಗೇ ಗೊತ್ತಾಗೋದಿಲ್ಲ, ಅದೂ ಆ ಸುಳ್ಳನ್ನೇ ಓದುತ್ತದೆ.

ಗಂಜಿನ ಅಣ್ಣನ ಗಾಡಿಗೆ ಹಾಕಿದರೆ ಇನ್ನೂ ಚೆಂದ: ಮೊದಲೇ ಬೇಕಾದಷ್ಟು ಪ್ರೆಶರ್ ಬರ್ತಿಲ್ಲ, ಮೇಲೆ ಹೆಚ್ಚು ಕೇಳಿದ ಹಾಗೆ.

ಡೀಸೆಲ್ ಕಾಕಾ (ಬೀದರ್)

ಆ 0.5 ವೋಲ್ಟಿನ ಮಾತು ಹಿಡ್ಕೋರಿ. ರಾತ್ರಿ ಎಲ್ಲ ನಿಂತ ಗಾಡಿಗಿ ಮುಂಜಾನಿ ಚಾವಿ ತಿರುಗಿಸಿ, ಇಂಜಿನ್ ಶುರು ಮಾಡದಂಗ ಸ್ಕ್ಯಾನರ್ ನೋಡಿದ್ರ ಪ್ರೆಶರ್ ಸೊನ್ನಿಯ ಆಜುಬಾಜು, ಸೆನ್ಸರ್ 0.5ರ ಆಜುಬಾಜು ತೋರಿಸ್ಬೇಕು. ಎರಡು ನಿಮಿಷದ ಕೆಲಸ. ಇದನ್ನ ನೋಡಿದ್ರ ಗಂಜಿನವರ 6,500 ಉಳೀತಿತ್ತು.

ಈಗ ಟಾವೆಲಿಗಿ ಬರೋಣ. ಡೀಸೆಲ್ ಕಾದ್ರ ತಿಳಿ ಆಗ್ತದ. ಪಂಪಿನ ಪ್ಲಂಜರ್ ಸಂದಿ, ಇಂಜೆಕ್ಟರಿನ ಸಂದಿ ಎಲ್ಲಾ ಎರಡು ಮೂರು ಮೈಕ್ರಾನ್. ನಮ್ಮ ತಲಿಕೂದಲೇ 70 ಮೈಕ್ರಾನ್ ಅದ. ತಿಳಿ ಡೀಸೆಲ್ ಸವೆದ ಸಂದಿಯಿಂದ ಸಲೀಸ್ ಜಾರ್ತದ. ಪಂಪ್ ತಣ್ಣಗ ಮಾಡಿದ್ರ ಅದ್ರಾಗಿಂದ ಹೋಗೋ ಡೀಸೆಲ್ಲೂ ಜರಾ ದಪ್ಪ ಆಗ್ತದ, ಇಂಜೆಕ್ಟರಿನ್ಯಾಗೂ ಸೋರೋದು ಕಮ್ಮಿ ಆಗ್ತದ. ಅಂದ್ರ ಸೋರೋದು ಪಂಪ್ ಇರ್ಲಿ, ಇಂಜೆಕ್ಟರ್ ಇರ್ಲಿ, ಟಾವೆಲ್ ಎರಡಕ್ಕೂ ಉಪಯೋಗ. ಮ್ಯಾಲ ನೀವು ಇಪ್ಪತ್ತು ನಿಮಿಷ ಅಂದ್ರಿ. ಅಷ್ಟೊತ್ತಿಗಿ ಇಡೀ ಇಂಜಿನ್ನೇ ಆರಿರ್ತದ. ನಾಳಿ ಒಂದು ಕೆಲಸ ಮಾಡ್ರಿ: ಟಾವೆಲ್ ಹಾಕಬ್ಯಾಡ್ರಿ, ಬರೀ ಬಾನೆಟ್ ಎತ್ತಿ ಇಪ್ಪತ್ತು ನಿಮಿಷ ಕೂಡ್ರಿ.

ಗಂಜ್ ಗಾಡಿಯವ (ಕಲಬುರಗಿ)

ಕಾಕಾ, ಇವತ್ತು ಮಳಖೇಡದಾಗ ಹಂಗೇ ಮಾಡ್ದೆ. ಟಾವೆಲ್ ಹೆಗಲ ಮ್ಯಾಲೇ ಇತ್ತು. ಎರಡು ಚಾ, ಒಂದು ಪ್ಲೇಟ್ ಸುಸ್ಲಾ. 22 ನಿಮಿಷಕ್ಕ ಸೆಲ್ಫ್ ಹೊಡದ್ರ ಶುರು ಆಯ್ತು.

ಲಿಮಿಟರಿನ ಬಾಟಲಿನೂ ನೋಡ್ದೆ, ಎರಡು ಹನಿ ಬಿದ್ದಾವ ಅಷ್ಟೇ.

ಡೀಸೆಲ್ ಕಾಕಾ (ಬೀದರ್)

ಲಿಮಿಟರ್ ಬಿಡ್ರಿ, ಅದು ಛಲೋ ಅದ. ಟಾವೆಲಿನ ಸಾಕ್ಷಿನೂ ಬಿತ್ತು. ಪಂಪ್ ಕಳ್ಳ ಅಲ್ಲ ಅಂತ ನಾ ಹೇಳ್ಲತ್ತಿಲ್ಲ, ಕಳ್ಳ ಅನ್ನಲಿಕ್ಕಿ ಪುರಾವಿ ಇಲ್ಲ ಅಂತ ಅಷ್ಟೇ.

ಈಗ ರಿಟರ್ನ್ ಟೆಸ್ಟ್. ನಾಲ್ಕು ಇಂಜೆಕ್ಟರಿನ ತಲಿ ಮ್ಯಾಲ ಸಣ್ಣ ರಬ್ಬರ್ ರಿಟರ್ನ್ ಪೈಪ್ ಅವ. ಅವು ತಗದು, ನಾಲ್ಕಕ್ಕೂ ಒಂದೇ ಅಳತಿ ಪಾರದರ್ಶಕ ಪೈಪ್ ಹಾಕಿ ನಾಲ್ಕು ಬಾಟಲಿಗಿ ಬಿಡ್ರಿ. ಇಂಜೆಕ್ಟರಿನಿಂದ ಬಿಚ್ಚಿದ ಹಳೇ ರಿಟರ್ನ್ ಪೈಪಿನ ಬಾಯಿ ಮುಚ್ರಿ. ಐಡಲಿನ್ಯಾಗ ಮೂರು ನಿಮಿಷ ಬಿಟ್ಟು ನೋಡ್ರಿ. ಇಂಜೆಕ್ಟರ್ ಸೂಜಿ ಏಳಬೇಕಂದ್ರ ಅದ್ರ ತಲಿ ಮ್ಯಾಲಿನ ಒತ್ತಡ ಜರಾ ಬಿಡಬೇಕು, ಹಂಗ ಬಿಟ್ಟ ಡೀಸೆಲ್ ಹೋಗೋ ದಾರಿ ಇದು. ಆದ್ದರಿಂದ ಸ್ವಲ್ಪ ಬರೋದು ಧರ್ಮ. ನಾಲ್ಕರಾಗ ಒಂದು ಭಾಳ ಬಂತೋ, ಅದ್ರ ಒಳಗ ಆ ದಾರಿ ಮುಚ್ಚೋ ಗೋಲಿ ಕೂಡೋ ಜಾಗ ಸವೆದದ. ಎಷ್ಟು ಮಿಲಿ ಅಂತ ಗಾಡಿ ಗಾಡಿಗಿ ಫರಕ್, ಮ್ಯಾನುವಲ್ ನೋಡ್ರಿ, ಇಲ್ಲಂದ್ರ ಒಂದಕ್ಕೊಂದು ಹೋಲಿಸ್ರಿ.

ಮುಖ್ಯ ಮಾತು: ಮುಂಜಾನಿ ಒಮ್ಮೆ, ಸೇಡಂಗ ಹೋಗಿ ಬಂದ ಮ್ಯಾಲ ಕಾದಿದ್ದಾಗ ಒಮ್ಮೆ. ಗ್ಯಾರೇಜಿನ್ಯಾಗ ಎಲ್ಲರೂ ತಣ್ಣಗಿದ್ದಾಗ ನೋಡಿ "ಬರಾಬರ್ ಅದ" ಅಂತಾರ. ರೋಗ ಇರೋದು ಮಧ್ಯಾಹ್ನ.

ಸೇಡಂ ಕಂಟ್ರೋಲ್ ರೂಮ್ (ಸೇಡಂ)

ಅಣ್ಣಾ, ಅದೇ ಎರಡು ಹೊತ್ತಿನಲ್ಲೂ ಐಡಲಿನಲ್ಲಿ ಮೀಟರಿಂಗ್ ವಾಲ್ವಿನ ಡ್ಯೂಟಿ ಬರೆದುಕೊಳ್ಳಿ. ಕರೆಂಟ್ ಇಲ್ಲದಿದ್ದರೆ ತೆರೆದಿರೋ ವಾಲ್ವ್ ಆದರೆ ಡ್ಯೂಟಿ ಇಳಿದಷ್ಟೂ ಹೆಚ್ಚು ಡೀಸೆಲ್ ಒಳಗೆ ಅಂತ ಅರ್ಥ, ಉಲ್ಟಾ ಓದಬೇಕು.

ಗಂಜ್ ಗಾಡಿಯವ (ಕಲಬುರಗಿ)

ಮೂರು ದಿನ ಆಯ್ತು, ತಡ ಆಯ್ತು, ಮನ್ಯಾಗ ಮದುವಿ ಇತ್ತು. ಬ್ಯಾರೆ ಫಿಟ್ಟರ್ ಕಡಿ ಮಾಡ್ಸಿದೆ.

ಮುಂಜಾನಿ: 18, 20, 27, 19 ಮಿಲಿ. ಡ್ಯೂಟಿ 38.
ಮಧ್ಯಾಹ್ನ ಕಾದಾಗ: 23, 25, 74, 24 ಮಿಲಿ. ಡ್ಯೂಟಿ 31.

ಮೂರನೇ ನಂಬರಿನ ಬಾಟಲಿ ತುಂಬಿ ಬರ್ಲತ್ತಿದ್ರ ಫಿಟ್ಟರೂ ನಾನೂ ಮಾರಿ ಮಾರಿ ನೋಡ್ಕೊಂಡ್ವಿ. ಎರಡೂ ಹೊತ್ತಿನ್ಯಾಗ ಐಡಲ್ ಪ್ರೆಶರ್ ಮಾತ್ರ 300ಕ್ಕ 299.

ಸೇಡಂ ಕಂಟ್ರೋಲ್ ರೂಮ್ (ಸೇಡಂ)

ನೋಡಿದಿರಾ! 299 ಎರಡೂ ಹೊತ್ತು. 38 ಇದ್ದದ್ದು 31 ಆಗಿದೆ, ಸೋರಿದ್ದನ್ನೆಲ್ಲ ಕಂಟ್ರೋಲರ್ ಸದ್ದಿಲ್ಲದೆ ತುಂಬಿಕೊಡ್ತಾ ಬಂದಿದೆ.

ಎಡದಂಡೆ ರೈತ (ಶಹಾಪುರ)

ಐಡಲಿನ್ಯಾಗ ತುಂಬಿಕೊಡತದಂದ್ರ ಸೆಲ್ಫ್ ಹೊಡಿಯುವಾಗ ಯಾಕ ಆಗವಲ್ದು?

ಡೀಸೆಲ್ ಕಾಕಾ (ಬೀದರ್)

ಸೆಲ್ಫಿನ್ಯಾಗ ಇಂಜಿನ್ ನಿಮಿಷಕ್ಕ 200 ಸಲ ತಿರುಗ್ತದ, ಐಡಲಿನ್ಯಾಗ 800. ಪಂಪ್ ಇಂಜಿನ್ನಿಗೇ ಕಟ್ಟಿದ್ದು, ಅಂದ್ರ ಸೆಲ್ಫಿನ್ಯಾಗ ಕೊಡೋದು ಕಾಲು ಪಾಲು. ತೂತು ಮಾತ್ರ ಅಷ್ಟೇ ಅದ. ಸುಮಾರು 150–200 ಬಾರ್ ಬರೋತನಕ ಇಸಿಯು ಇಂಜೆಕ್ಟರ್ ತೆರೆಯೋದೇ ಇಲ್ಲ. ಇವರದು 110ಕ್ಕ ನಿಲ್ತಿತ್ತು, ಬ್ಯಾಟರಿ ಸಾಯೋದೊಂದೇ ದಾರಿ.

ಏರಿನ ಲೈಟಿಗೂ ಇದೇ ಕಾರಣ. ಟಾಪ್ ಗೇರಿನ್ಯಾಗ ಇಂಜಿನ್ ನಿಧಾನ, ಲೋಡ್ ಭಾಳ, ಇಸಿಯು ಕೇಳೋ ಪ್ರೆಶರ್ ದೊಡ್ಡದು. ಪ್ರೆಶರ್ ಏರಿದಷ್ಟೂ ತೂತಿನಿಂದ ಹೋಗೋದು ಹೆಚ್ಚು. ಗೇರ್ ಇಳಿಸಿದ್ರ ಇಂಜಿನ್ ಜೋರು ತಿರುಗ್ತದ, ಪಂಪ್ ಹೆಚ್ಚು ಕೊಡ್ತದ, ಕೋಡ್ ಬರಲ್ಲ. ನೀವು ಮೊದಲ ದಿನವೇ ಗೇರಿನ ಮಾತು ಬರೆದಿದ್ರಿ, ನಾ ಗಮನ ಕೊಡ್ಲಿಲ್ಲ.

ಮೂರನೇ ಇಂಜೆಕ್ಟರ್ ಬಿಚ್ಚಿ ಲ್ಯಾಬಿಗಿ ಕೊಡ್ರಿ. ಉಳಿದ ಮೂರೂ ಟೆಸ್ಟ್ ಮಾಡ್ಸ್ರಿ, ಒಂದೇ ವಯಸ್ಸಿನವು. ಇಂಜೆಕ್ಟರಿನ ತಲಿ ಮ್ಯಾಲ ಕೆತ್ತಿದ ಒಂದು ಕೋಡ್ ನಂಬರ್ ಇರ್ತದ, ಹೊಸದು ಹಾಕಿದ್ರ ಅದನ್ನ ಇಸಿಯುದಾಗ ಬರಸ್ಬೇಕು. ಬಿಟ್ರ ಐಡಲ್ ನಡುಗ್ತದ, ಹೊಗಿ ಬರ್ತದ. ಕೆಳಗಿನ ತಾಮ್ರದ ವಾಶರ್ ಹಳೇದು ಹಾಕಿಸ್ಕೋಬ್ಯಾಡ್ರಿ.

ಸ್ಕ್ಯಾನರ್ ಹುಡುಗ (ಯಾದಗಿರಿ)

ಇಂಜೆಕ್ಟರ್ ಅಷ್ಟು ಲಗೂ ಯಾಕ ಸವೀತದ ಕಾಕಾ? 1 ಲಕ್ಷ 40 ಸಾವಿರ ಭಾಳ ಏನಿಲ್ಲ.

ಡೀಸೆಲ್ ಕಾಕಾ (ಬೀದರ್)

ನೀರು, ಧೂಳು, ಸೀಮಿಎಣ್ಣಿ. ಡೀಸೆಲ್ಲೇ ಇಲ್ಲಿ ಆಯಿಲ್ಲೂ ಹೌದು, ಪಂಪಿಗಿ ಇಂಜೆಕ್ಟರಿಗಿ ಬ್ಯಾರೆ ಗ್ರೀಸ್ ಯಾರೂ ಹಾಕಲ್ಲ. ಸೀಮಿಎಣ್ಣಿ ಬೆರೆತ್ರ ಆ ಜಿಡ್ಡು ಹೋಗ್ತದ. ಕ್ಯಾನಿನ್ಯಾಗ ತಂದು ಹೊಲದಾಗ ಧೂಳಿನ್ಯಾಗ ಟ್ಯಾಂಕಿಗಿ ಸುರೀತಾರಲ್ಲ, ಅದೂ ಒಂದು. ಗಂಜಿನವರ, ಫಿಲ್ಟರಿನ ಕೆಳಗಿನ ನೀರು ಯಾವಾಗರೆ ಬಿಟ್ಟೀರೇನು?

ಗಂಜ್ ಗಾಡಿಯವ (ಕಲಬುರಗಿ)

ಕೆಳಗ ನೀರು ಬಿಡೋ ತಿರುಪು ಅದ ಅಂತ ಇವತ್ತೇ ಗೊತ್ತಾಯ್ತು ಕಾಕಾ. ಬಿಟ್ಟೆ, ಅರ್ಧ ಕಪ್ ಬಂತು.

ಹತ್ತು ದಿನದ ಹಿಸಾಬ್: ಮೂರನೇ ಇಂಜೆಕ್ಟರ್ ಲ್ಯಾಬಿನ್ಯಾಗ ಫೇಲ್, ಬದಲಿ ಹಾಕ್ಸಿದೆ, ಕೋಡ್ ಬರೆಸಿದೆ, ಉಳಿದ ಮೂರಕ್ಕ ಟೆಸ್ಟಿಂಗ್. ಎಲ್ಲಾ ಸೇರಿ 14,200. ಪಂಪ್ ಮುಟ್ಟಿಲ್ಲ. ಕಾದಾಗ ಸೆಲ್ಫ್ ಹೊಡೆದ್ರ 240 ಬಾರ್, ಮಳಖೇಡದಾಗ ಒಂದೇ ಸೆಲ್ಫಿಗಿ ಎದ್ದದ, ನಾಲ್ಕು ಸಲ ನೋಡ್ದೆ. ಹೋಟೆಲಿನವನು "ಇವತ್ತು ನೀರು ಬ್ಯಾಡೇನ್ರಿ" ಅಂದ.

ಲೋಡ್ ಮ್ಯಾಲ ಟಾಪ್ ಗೇರಿನ್ಯಾಗ ಲೈಟ್ ಬಂದಿಲ್ಲ.

ಡೀಸೆಲ್ ಕಾಕಾ (ಬೀದರ್)

ಹಳೇ ಸೆನ್ಸರ್ ಎಲ್ಲದ? ಅದು ಛಲೋ ಇತ್ತು, ವಾಪಸ್ ತಗೋರಿ, ಸ್ಪೇರ್ ಇರ್ತದ.

ಗಂಜ್ ಗಾಡಿಯವ (ಕಲಬುರಗಿ)

ಕೇಳೀನಿ ಕಾಕಾ. ಬ್ಯಾರೆ ಯಾವುದೋ ಗಾಡಿಗಿ ಹಾಕಿ ಆಗ್ಯಾದಂತ.

ಹೈವೇ 65 (ಹುಮನಾಬಾದ್)

ನಾನೂ ಲಿಮಿಟರ್ ಹೊಸದು ತರಸ್ಲತ್ತೀನಿ. ಫಿಟ್ಟರಿಗಿ ಹೇಳಿಲ್ಲ ಇನ್ನೂ.